ಕಾರು ತಗ್ಗಿಸಿ ದೊಡ್ಡ ವೀಲ್ ಹಾಕಿಸಿದ್ದೀರಾ? ಅಲೈನ್‌ಮೆಂಟ್‌ನಲ್ಲಿ ಮೊದಲು ನೋಡಬೇಕಾದದ್ದು 'ಟೋ'

ಚೆನ್ನೈ: ಶ್ರೀಪೆರಂಬದೂರು ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್ ಬೆಂಗಳೂರು ಹೆದ್ದಾರಿಗೆ ಅಂಟಿಕೊಂಡೇ ಇದೆ. 1990ರಲ್ಲಿ ಶುರುವಾದ ಈ 3.7 ಕಿ.ಮೀ. ಟ್ರ್ಯಾಕ್‌ ಮೇಲೆ ಕಾರು ಓಡಿಸುವ ಆಸೆಯಿಂದ ಗಿಡ್ಡ ಸ್ಪ್ರಿಂಗ್, 18 ಇಂಚಿನ ಅಲಾಯ್ ವೀಲ್ ಹಾಕಿಸುವ ಹವ್ಯಾಸಿಗಳಿದ್ದಾರೆ. ಟ್ರ್ಯಾಕ್‌ಗೆ ಹೋಗುವುದು ವರ್ಷಕ್ಕೆ ಎರಡು ಮೂರು ಸಲ. ಉಳಿದ ದಿನವೆಲ್ಲ ಅದೇ ಕಾರು ಹೆದ್ದಾರಿಯಲ್ಲಿ, ನಗರದ ಗುಂಡಿಗಳ ನಡುವೆ ಓಡಬೇಕು. ತೊಂದರೆ ಶುರುವಾಗುವುದೇ ಅಲ್ಲಿ. ಹೊರಗಿನಿಂದ ಹೊಸದರಂತೆ ಕಾಣುವ ಟೈರ್‌ನ ಒಳ ಅಂಚು ಸವೆದು, ತಂತಿ ಹೊರಬಂದ ಮೇಲೆ ಮಾಲೀಕರಿಗೆ ವಿಷಯ ಗೊತ್ತಾಗುತ್ತದೆ. ಹೆದ್ದಾರಿ ವೇಗದಲ್ಲಿ ಅಂಥ ಟೈರ್ ಒಡೆದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಹೆಚ್ಚಿನವರು ದೂರುವುದು ಕ್ಯಾಂಬರ್ ಅನ್ನು. ಎದುರಿನಿಂದ ನೋಡಿದಾಗ ಚಕ್ರದ ಮೇಲ್ಭಾಗ ಒಳಗೆ ವಾಲಿದ್ದರೆ ಅದು ನೆಗೆಟಿವ್ ಕ್ಯಾಂಬರ್. ಕಾರು ತಗ್ಗಿಸಿದಾಗ ಸಾಮಾನ್ಯವಾಗಿ ಇದು ಹೆಚ್ಚುತ್ತದೆ. ಆದರೆ ಟೈರನ್ನು ಬೇಗ ತಿನ್ನುವುದು ಟೋ, ಅಂದರೆ ಮೇಲಿನಿಂದ ನೋಡಿದಾಗ ಎರಡು ಚಕ್ರಗಳು ಪರಸ್ಪರ ಒಳಮುಖವೋ ಹೊರಮುಖವೋ ಎಂಬ ಕೋನ. ಕಾರು ಇಳಿದಾಗ ಸಸ್ಪೆನ್ಷನ್ ತೋಳು ಮತ್ತು ಸ್ಟೀರಿಂಗ್‌ನ ಟೈ ರಾಡ್ ಬೇರೆ ಬೇರೆ ವೃತ್ತದಲ್ಲಿ ತಿರುಗುವುದರಿಂದ ಟೋ ತಾನಾಗಿಯೇ ಬದಲಾಗುತ್ತದೆ.

ಲೆಕ್ಕ ಸುಲಭ. ಒಂದು ಚಕ್ರ ನೇರ ದಾರಿಯಿಂದ ಕೇವಲ ಕಾಲು ಡಿಗ್ರಿ ತಿರುಗಿದ್ದರೂ ಪ್ರತಿ ಕಿ.ಮೀ.ಗೆ ಸುಮಾರು 4.4 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಚೆನ್ನೈನಿಂದ ಬೆಂಗಳೂರಿಗೆ 350 ಕಿ.ಮೀ. ಎಂದುಕೊಂಡರೆ ಟೈರ್ ಸುಮಾರು ಒಂದೂವರೆ ಕಿ.ಮೀ. ಅಡ್ಡಡ್ಡವಾಗಿ ಎಳೆದಂತೆ! ಇದರ ಜೊತೆ ನೆಗೆಟಿವ್ ಕ್ಯಾಂಬರ್ ಸೇರಿದರೆ ಆ ಉಜ್ಜಾಟವೆಲ್ಲ ಒಳ ಅಂಚಿನ ಮೇಲೇ ಬೀಳುತ್ತದೆ.

ದಿನಬಳಕೆಯ ಕಾರಿಗೆ ಎಷ್ಟಿರಬೇಕು?

ಕಂಪನಿ ಕೊಟ್ಟ ಅಂಕಿಯೇ ಮೊದಲ ಆಧಾರ. ಅದರಾಚೆಗೆ, ತಗ್ಗಿಸಿದ ಕಾರಿಗೆ ಮುಂದೆ ಮೈನಸ್ 1ರಿಂದ 1.5 ಡಿಗ್ರಿ ಕ್ಯಾಂಬರ್ ಮತ್ತು ಸೊನ್ನೆಗೆ ಹತ್ತಿರದ ಟೋ ಇದ್ದರೆ ಟೈರ್ ಬಾಳಿಕೆ, ತಿರುವಿನ ಹಿಡಿತ ಎರಡೂ ಸಿಗುತ್ತವೆ. ಹಿಂದಿನ ಚಕ್ರಗಳಿಗೆ ತುಸು ಟೋ-ಇನ್ ಇದ್ದರೆ ಕಾರು ವೇಗದಲ್ಲಿ ಸ್ಥಿರವಾಗಿರುತ್ತದೆ. ಟ್ರ್ಯಾಕ್‌ಗೆಂದು ಮೈನಸ್ 2.5 ಅಥವಾ 3 ಡಿಗ್ರಿ ಇಡುವವರಿದ್ದಾರೆ. ಅದೇ ಸೆಟ್ಟಿಂಗ್‌ನಲ್ಲಿ ದಿನವೂ ಆಫೀಸಿಗೆ ಹೋಗುವುದು ದುಬಾರಿ ಶೋಕಿ.

ಚಕ್ರ ದೊಡ್ಡದಾದಾಗ ಇನ್ನೊಂದು ಗೊಂದಲವಿದೆ. ಟೋ ಅನ್ನು ಕೆಲವರು ಮಿ.ಮೀ.ನಲ್ಲಿ ಹೇಳುತ್ತಾರೆ. ರಿಮ್ ಅಂಚಿನಲ್ಲಿ ಅಳೆದರೆ 16 ಇಂಚಿನ ಚಕ್ರದಲ್ಲಿ 1 ಮಿ.ಮೀ. ಎಂದರೆ ಸುಮಾರು 0.14 ಡಿಗ್ರಿ, 18 ಇಂಚಿನದರಲ್ಲಿ 0.125 ಡಿಗ್ರಿ. ಹಳೆಯ ಚಕ್ರದ ಮಿ.ಮೀ. ಅಂಕಿ ಹೊಸದಕ್ಕೆ ಹೊಂದುವುದಿಲ್ಲ. ಡಿಗ್ರಿಯಲ್ಲೇ ಕೇಳಿ.

ಟೈರ್ ಗಾತ್ರದಲ್ಲಿ ನೋಡಬೇಕಾದದ್ದು ಹೊರ ವ್ಯಾಸ. 205/55 ಆರ್16 ಟೈರಿನ ವ್ಯಾಸ ಸುಮಾರು 632 ಮಿ.ಮೀ., 225/40 ಆರ್18ರದ್ದು 637. ಹಾಗಾಗಿ ಸ್ಪೀಡೋಮೀಟರ್ ಹೆಚ್ಚು ತಪ್ಪುವುದಿಲ್ಲ. ಆದರೆ ಟೈರ್‌ನ ಪಕ್ಕದ ಗೋಡೆ 113 ಮಿ.ಮೀ.ನಿಂದ 90ಕ್ಕೆ ಇಳಿಯುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮುಂಗಾರಿನಲ್ಲಿ ಚೆನ್ನೈ ರಸ್ತೆಯ ಗುಂಡಿ ನೀರಿನಡಿ ಕಾಣದು. ತೆಳು ಟೈರ್ ಅಂಥ ಗುಂಡಿಗೆ ಬಿದ್ದರೆ ಹೊಡೆತ ನೇರ ರಿಮ್‌ಗೆ, ಅಲ್ಲಿಂದ ಟೈ ರಾಡ್‌ಗೆ. ಅಲೈನ್‌ಮೆಂಟ್ ಮತ್ತೆ ಹಾಳು.

ಪರದೆಯ ಹಸಿರನ್ನೇ ನಂಬಬೇಡಿ

ಅಲೈನ್‌ಮೆಂಟ್ ಯಂತ್ರದ ಪರದೆಯಲ್ಲಿ ಹಸಿರು ಬಂದರೆ ಕೆಲಸ ಮುಗಿಯಿತು ಎಂದಲ್ಲ. ಆ ಮಿತಿ ಕಂಪನಿ ಎತ್ತರದ ಕಾರಿನದ್ದು. ನಾಲ್ಕೂ ಚಕ್ರಗಳ ಮೊದಲಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಪಡೆಯಿರಿ. ಟೈರ್ ಗಾಳಿ ಸರಿಯಾಗಿರಲಿ. ಕ್ಯಾಂಬರ್ ಬದಲಿಸಿದರೆ ಟೋ ಕೂಡ ಬದಲಾಗುವುದರಿಂದ ಕ್ಯಾಂಬರ್ ಮೊದಲು, ಟೋ ಕೊನೆಗೆ. ಹಿಂದಿನ ಚಕ್ರ ಮೊದಲು, ಮುಂದಿನವು ಆಮೇಲೆ. ಎಷ್ಟೋ ಕಾರುಗಳಲ್ಲಿ ಕ್ಯಾಂಬರ್ ಹೊಂದಿಸುವ ವ್ಯವಸ್ಥೆಯೇ ಇರುವುದಿಲ್ಲ. ಅದಕ್ಕೆ ಬೇರೆ ಬೋಲ್ಟ್ ಅಥವಾ ಕ್ಯಾಂಬರ್ ಪ್ಲೇಟ್ ಬೇಕು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ತಯಾರಕರು ನೀಡಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ನಿಮ್ಮ ಮಾಡೆಲ್‌ಗೆ ಕಂಪನಿಯೇ ಸೂಚಿಸಿರುವ ಟೈರ್ ಗಾತ್ರದೊಳಗೆ ಇರುವುದು ಕ್ಷೇಮ. ಸ್ಪ್ರಿಂಗ್ ಬದಲಿಸುವ ಮುನ್ನ ಆರ್‌ಟಿಒ ಮತ್ತು ವಿಮಾ ಕಂಪನಿಯನ್ನು ಕೇಳಿಕೊಳ್ಳಿ.

ಹೊಸ ಸ್ಪ್ರಿಂಗ್ ಕೆಲವು ದಿನ ಓಡಿದ ಮೇಲೆ ಇನ್ನಷ್ಟು ಕೂರುತ್ತದೆ. ಹಾಗಾಗಿ ಎರಡು ಮೂರು ವಾರದ ನಂತರ ಮತ್ತೊಮ್ಮೆ ಅಲೈನ್‌ಮೆಂಟ್ ನೋಡಿಸಬೇಕು. ಅಷ್ಟರಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ, ಕಾರು ನಿಲ್ಲಿಸಿ, ಮುಂದಿನ ಟೈರ್‌ನ ಒಳ ಅಂಚನ್ನು ಟಾರ್ಚ್ ಹಾಕಿ ನೋಡಿ. ತಂತಿ ಕಾಣದಿದ್ದರೆ ಅಂಗೈಯನ್ನು ಟೈರ್ ಮೇಲೆ ಅಡ್ಡಲಾಗಿ ಸವರಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ಒರಟು ಅನ್ನಿಸಿದರೆ ಟೋ ತಪ್ಪಿದೆ ಎಂದೇ ಅರ್ಥ.