ಏರು ಬಿಟ್ಟುಹೋದ ಲೆಕ್ಕ: ಡೆವನ್ ಕರಾವಳಿಯಲ್ಲಿ ಮೂರು ದಿನದ ಸೈಕಲ್ ರಜೆ

ಬ್ರಿಟನ್ನಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವವರಿಗೆ ಜನವರಿ 31 ಎಂದರೆ ಪರೀಕ್ಷೆಯ ಕೊನೆಯ ದಿನವಿದ್ದಂತೆ. ಆನ್‌ಲೈನ್‌ನಲ್ಲಿ ಆದಾಯ ತೆರಿಗೆ ವಿವರ ಸಲ್ಲಿಸಲು ಅದೇ ಗಡುವು. ಅದು ದಾಟಿದ ಮೇಲೆಯೇ ನಮ್ಮ ಮನೆಯಲ್ಲಿ ರಜೆಯ ಮಾತು. ಮೇ ತಿಂಗಳ ಕೊನೆಯ ಸೋಮವಾರ ಇಲ್ಲಿ ಸಾರ್ವಜನಿಕ ರಜೆ. ಅದಕ್ಕೆ ಶನಿವಾರ, ಭಾನುವಾರ ಸೇರಿಸಿ ಸೈಕಲ್ ಪ್ರವಾಸ ಹೋಗೋಣ ಎಂದು ಈ ಸಲ ಮಕ್ಕಳು ಹಟ ಹಿಡಿದರು. ಮಗಳಿಗೆ ಹದಿನಾಲ್ಕು, ಮಗನಿಗೆ ಹತ್ತು.

ಕುಮಟಾದಿಂದ ಅಮ್ಮ ಫೋನಿನಲ್ಲಿ ಕೇಳಿದರು: “ಸೈಕಲ್ ಹೊಡೆಯಲು ಯಾರಾದರೂ ರಜೆ ಹಾಕುತ್ತಾರಾ? ಆ ರಜೆಯಲ್ಲಿ ಊರಿಗೇ ಬರಬಹುದಲ್ಲ?”

ಮೂರು ದಿನದಲ್ಲಿ ಊರಿಗೆ ಹೋಗಿಬರುವಂತಿಲ್ಲ ಎಂಬುದು ಅವರಿಗೂ ಗೊತ್ತು. ಇಲ್ಲಿ ವಾರಕ್ಕೆ ಐದು ದಿನ ದುಡಿಯುವವರಿಗೆ ಕಾನೂನಿನ ಪ್ರಕಾರ ಸಿಗುವ ಕನಿಷ್ಠ ಸಂಬಳದ ರಜೆ ವರ್ಷಕ್ಕೆ 28 ದಿನ. ಸಾರ್ವಜನಿಕ ರಜೆಗಳನ್ನೂ ಅದರಲ್ಲೇ ಸೇರಿಸಬಹುದು. ಊರಿಗೆಂದು ಆಗಸ್ಟಿನ ಮೂರು ವಾರ ತೆಗೆದಿಟ್ಟ ಮೇಲೆ ಕೈಯಲ್ಲಿ ಉಳಿಯುವುದು ಇಂಥ ಚಿಲ್ಲರೆ ದಿನಗಳೇ. ಅವನ್ನು ಮನೆಯಲ್ಲಿ ಮಲಗಿ ಕಳೆಯಬಾರದು ಎಂಬುದಷ್ಟೇ ನಮ್ಮ ಆಸೆ.

ಮೊದಲ ಯೋಜನೆ

ನಾವಿರುವುದು ರೆಡಿಂಗ್‌ನಲ್ಲಿ. ಅಲ್ಲಿಂದ ಎಕ್ಸಿಟರ್‌ಗೆ ನೇರ ರೈಲಿದೆ. ಎಕ್ಸಿಟರ್‌ನಲ್ಲಿ ಇಳಿದು ಚಿಕ್ಕ ರೈಲು ಹಿಡಿದರೆ ಬಾರ್ನ್‌ಸ್ಟೇಪಲ್. ಅದೇ ಉತ್ತರ ಡೆವನ್ನಿನ ಬಾಗಿಲು. ಗುಡ್ಡಗಳು ಸಮುದ್ರದ ಅಂಚಿನವರೆಗೂ ಬಂದು ನಿಲ್ಲುವ ಸೀಮೆ ಅದು. ಕುಮಟಾ, ಗೋಕರ್ಣದ ಕಡೆ ಬೆಳೆದವರಿಗೆ ಫೋಟೊ ನೋಡಿದರೇ ಮನಸ್ಸು ಎಳೆಯುತ್ತದೆ.

ವೃತ್ತಿಯ ಚಾಳಿ ಬಿಡುವುದಿಲ್ಲ, ಎಕ್ಸೆಲ್ ತೆರೆದೆವು. ಇಲ್‌ಫ್ರಕೂಂಬ್‌ನಿಂದ ಲಿಂಟನ್, ಲಿಂಟನ್‌ನಿಂದ ಪೋರ್ಲಾಕ್, ಅಲ್ಲಿಂದ ಮೈನ್‌ಹೆಡ್. ದಿನಕ್ಕೆ ಹೆಚ್ಚೆಂದರೆ ಮೂವತ್ತು ಕಿಲೋಮೀಟರ್. ದೂರ, ಸಮಯ, ವಸತಿ, ಊಟ, ಎಲ್ಲದಕ್ಕೂ ಒಂದೊಂದು ಕಾಲಂ. ಮೊತ್ತವೂ ಸರಿಹೊಂದಿತು. ಏರು ಎಂಬ ಕಾಲಂ ಮಾತ್ರ ಅದರಲ್ಲಿ ಇರಲಿಲ್ಲ.

ಅದನ್ನು ತೋರಿಸಿಕೊಟ್ಟವಳು ಮಗಳು. ಶಾಲೆಯ ಭೂಗೋಳ ಪಾಠದಲ್ಲಿ ಆರ್ಡ್‌ನೆನ್ಸ್ ಸರ್ವೆ ನಕ್ಷೆ ಓದಲು ಕಲಿತಿದ್ದಳು. ಆ ನಕ್ಷೆಯಲ್ಲಿ ರಸ್ತೆಯ ಮೇಲೆ ಒಂದು ಬಾಣದ ಗುರುತಿದ್ದರೆ ಏಳಡಿಗೆ ಒಂದಡಿಯಿಂದ ಐದಡಿಗೆ ಒಂದಡಿಯವರೆಗಿನ ಏರು. ಎರಡು ಬಾಣಗಳಿದ್ದರೆ ಅದಕ್ಕಿಂತಲೂ ಕಡಿದು. ನಮ್ಮ ದಾರಿಯಲ್ಲಿ ಬಾಣಗಳದ್ದೇ ಸಾಲು. ಲಿನ್‌ಮೌತ್‌ನಲ್ಲಿ ಸಮುದ್ರದ ಮಟ್ಟದಲ್ಲಿರುವ ರಸ್ತೆ, ಊರು ಬಿಡುತ್ತಿದ್ದಂತೆಯೇ ಕೌಂಟಿಸ್‌ಬರಿ ಗುಡ್ಡ ಹತ್ತತೊಡಗುತ್ತದೆ. ಪೋರ್ಲಾಕ್ ಗುಡ್ಡದಲ್ಲಂತೂ ನಾಲ್ಕಡಿಗೆ ಒಂದಡಿ. ನಾವು ಅದನ್ನು ಇಳಿಯುವವರೇ ಹೊರತು ಹತ್ತುವವರಲ್ಲ ಎಂದು ಸಮಾಧಾನ ಹೇಳಿಕೊಂಡೆವು. ಆದರೆ ಹತ್ತು ವರ್ಷದ ಹುಡುಗನ ಬೆರಳುಗಳು ಅಂಥ ಇಳಿಜಾರಿನಲ್ಲಿ ಬ್ರೇಕನ್ನು ಎಷ್ಟು ಹೊತ್ತು ಹಿಡಿದಾವು?

ಪರೀಕ್ಷೆಯ ದಿನ

ನೋಡಿಯೇ ಬಿಡೋಣ ಎಂದು ಮಾರ್ಚ್ ತಿಂಗಳ ಒಂದು ಭಾನುವಾರ ಊರಿನ ಉತ್ತರಕ್ಕಿರುವ ಚಿಲ್ಟರ್ನ್ ಗುಡ್ಡಗಳಿಗೆ ಹೋದೆವು. ಅಪ್ಪ, ಮಕ್ಕಳು ಏದುಸಿರು ಬಿಡುತ್ತ ಮೇಲೆ ತಲುಪಿ ಕಾದು ನಿಂತೆವು. ಮನೆಯಾಕೆ ಸೈಕಲ್ ತಳ್ಳಿಕೊಂಡು ಕೆಳಗಿನ ತಿರುವಿನಲ್ಲಿ ನಿಧಾನವಾಗಿ ಬರುತ್ತಿದ್ದರು.

ಅವರು ಸೈಕಲ್ ಕಲಿತದ್ದು ನಲವತ್ತರ ಹೊಸ್ತಿಲಲ್ಲಿ, ಇಲ್ಲಿನ ಪಾರ್ಕಿನಲ್ಲಿ. ಹುಡುಗಿಯಾಗಿದ್ದಾಗ ತವರಿನಲ್ಲಿ ಇದ್ದದ್ದು ಒಂದೇ ಸೈಕಲ್, ಅದು ಅಣ್ಣನದು. ಆ ದಿನ ಸಂಜೆ ಚಹಾ ಸೋಸುತ್ತ ಹೇಳಿದರು: “ನೀವು ಮೂವರು ಸೈಕಲ್ಲಿನಲ್ಲಿ ಹೋಗಿ. ನಾನು ಬಸ್ಸಿನಲ್ಲಿ ಬಂದು ಸಾಯಂಕಾಲ ಸಿಗುತ್ತೇನೆ.”

ಸಿಟ್ಟಿನಿಂದ ಹೇಳಿದ ಮಾತಲ್ಲ, ಅಭ್ಯಾಸದಿಂದ ಬಂದದ್ದು. ಅದೇ ನಮಗೆ ಚುಚ್ಚಿತು. ಮನೆಮಂದಿಯೆಲ್ಲ ಒಟ್ಟಿಗೆ ಇರಲೆಂದು ಹೊರಟ ಪ್ರವಾಸದಲ್ಲಿ ಒಬ್ಬರನ್ನು ಬಸ್‌ಸ್ಟಾಪಿನಲ್ಲಿ ನಿಲ್ಲಿಸಿ ಹೋಗುವ ಲೆಕ್ಕ ಹಾಕಿದ್ದೆವು. ಆ ಎಕ್ಸೆಲ್ ಹಾಳೆಯನ್ನು ಅಂದೇ ಅಳಿಸಿದೆವು.

ಎರಡನೆಯ ಯೋಜನೆ

ಹೊಸ ಯೋಜನೆಯಲ್ಲಿ ಮೊದಲು ಬರೆದ ಸಾಲು: ಹೆಚ್ಚು ದಣಿಯುವವರು ಎಷ್ಟು ಹೋಗಬಲ್ಲರೋ ಅಷ್ಟೇ ದೂರ. ಹಾಗೆ ಹುಡುಕಿದಾಗ ಸಿಕ್ಕಿದ್ದು ಟಾರ್ಕಾ ಟ್ರೇಲ್. ಹೆನ್ರಿ ವಿಲಿಯಮ್‌ಸನ್ ಅವರು 1927ರಲ್ಲಿ ಬರೆದ ನೀರುನಾಯಿಯ ಕಾದಂಬರಿಯಿಂದ ಈ ದಾರಿಗೆ ಹೆಸರು ಬಂದಿದೆ. ಬ್ರಾಂಟನ್‌ನಿಂದ ಬಾರ್ನ್‌ಸ್ಟೇಪಲ್, ಬಿಡಿಫರ್ಡ್, ಗ್ರೇಟ್ ಟಾರಿಂಗ್ಟನ್ ಮೂಲಕ ಮೀತ್‌ವರೆಗೆ ಸುಮಾರು 48 ಕಿಲೋಮೀಟರ್ ಸೈಕಲ್ ಹಾದಿ. ಬಹುಪಾಲು ಹಳೆಯ ರೈಲು ಮಾರ್ಗದ ಮೇಲೆಯೇ ಸಾಗುತ್ತದೆ. ಈ ಕಡೆಯ ಪ್ರಯಾಣಿಕರ ರೈಲುಗಳು 1965 ಮತ್ತು 1970ರಲ್ಲಿ ನಿಂತವು. ಹಳಿ ಹೋದರೂ ದಾರಿ ಉಳಿಯಿತು.

ಗುಡ್ಡದ ನಾಡಿನಲ್ಲಿ ಸಮತಟ್ಟಾದ ದಾರಿ ಬೇಕಾದವರು ಹಳೆಯ ರೈಲು ಮಾರ್ಗ ಹುಡುಕಬೇಕು. ಉಗಿಬಂಡಿಗೂ ಕಡಿದಾದ ಏರು ಆಗುತ್ತಿರಲಿಲ್ಲ. ಹಾಗಾಗಿ ಹಳಿ ಹಾಕಿದವರು ಗುಡ್ಡ ಕಡಿದು, ಸುರಂಗ ಕೊರೆದು, ನದಿಯ ಅಂಚು ಹಿಡಿದು ಏರನ್ನು ತಪ್ಪಿಸಿದ್ದರು. ಅವರ ಆ ಶ್ರಮ ಈಗ ನಮ್ಮ ಮೊಣಕಾಲಿಗೆ ಲಾಭ.

ಉಳಿದ ಸಾಲುಗಳು ಹೀಗಿದ್ದವು. ದಿನಕ್ಕೊಂದು ಊರಿನಲ್ಲಿ ತಂಗುವುದು ಬೇಡ, ಬಾರ್ನ್‌ಸ್ಟೇಪಲ್‌ನಲ್ಲೇ ಎರಡೂ ರಾತ್ರಿ. ಆಗ ಬ್ಯಾಗು ಹೊರುವ ಕೆಲಸವಿಲ್ಲ, ಮಳೆ ಬಂದರೆ ದಿನ ಬದಲಿಸಬಹುದು. ದೂರದ ರೈಲಿನಲ್ಲಿ ಸೈಕಲ್‌ಗೆ ಜಾಗ ಕಡಿಮೆ, ಮುಂಗಡ ಕಾದಿರಿಸಬೇಕು. ನಾಲ್ಕು ಸೈಕಲ್‌ಗೆ ಒಂದೇ ರೈಲಿನಲ್ಲಿ ಜಾಗ ಹುಡುಕುವ ಬದಲು ಅಲ್ಲೇ ಬಾಡಿಗೆಗೆ ತೆಗೆದುಕೊಂಡೆವು. ಫ್ಯಾಮಿಲಿ ರೈಲ್‌ಕಾರ್ಡ್ ಇದ್ದರೆ ಹೆಚ್ಚಿನ ಟಿಕೆಟ್‌ಗಳಲ್ಲಿ ದೊಡ್ಡವರಿಗೆ ಮೂರರಲ್ಲೊಂದು ಪಾಲು, ಮಕ್ಕಳಿಗೆ ಶೇ. 60 ರಿಯಾಯಿತಿ. ಬ್ಯಾಟರಿ ಸೈಕಲ್ ಕೂಡ ಯೋಚಿಸಿದೆವು. ಇಲ್ಲಿ ಹದಿನಾಲ್ಕು ತುಂಬಿದವರು ಲೈಸೆನ್ಸ್ ಇಲ್ಲದೆ ಅದನ್ನು ಓಡಿಸಬಹುದು. ಮನೆಯಾಕೆ ಒಪ್ಪಲಿಲ್ಲ: “ಕಲಿತದ್ದು ತುಳಿಯಲಿಕ್ಕೆ, ತುಳಿಯುತ್ತೇನೆ.”

ಗಾಳಿಯನ್ನೂ ಲೆಕ್ಕಕ್ಕೆ ಹಿಡಿದೆವು. ಆ ಕರಾವಳಿಯಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿ. ಬೆಳಿಗ್ಗೆ ಕಾಲು ಗಟ್ಟಿಯಿರುವಾಗ ಗಾಳಿಗೆ ಎದುರಾಗಿ ಹೋದರೆ, ದಣಿದು ಮರಳುವಾಗ ಅದೇ ಗಾಳಿ ಬೆನ್ನು ತಳ್ಳುತ್ತದೆ. ಮುಖ್ಯವಾಗಿ, ದಾರಿಯುದ್ದಕ್ಕೂ ಹಿಂದಿರುಗುವ ಜಾಗಗಳನ್ನು ಮೊದಲೇ ಗುರುತು ಹಾಕಿಕೊಂಡೆವು. ಇನ್‌ಸ್ಟೋದಲ್ಲಿ ಸಾಕೆನಿಸಿದರೆ ಇನ್‌ಸ್ಟೋ, ಬಿಡಿಫರ್ಡ್‌ನಲ್ಲಿ ಸಾಕೆನಿಸಿದರೆ ಬಿಡಿಫರ್ಡ್. ಯಾರು “ಸಾಕು” ಎಂದರೂ ನಾಲ್ವರೂ ತಿರುಗಬೇಕು, ಕಾರಣ ಕೇಳಬಾರದು.

ಶನಿವಾರ ಟಾ ನದಿಯ ಅಳಿವೆಯ ಪಕ್ಕದಲ್ಲಿ ಬ್ರಾಂಟನ್‌ವರೆಗೆ ಹೋಗಿಬಂದೆವು. ಭಾನುವಾರ ಟಾರಿಂಗ್ಟನ್ ತಲುಪುವ ಆಸೆಯಿತ್ತು. ಬಿಡಿಫರ್ಡ್‌ನ ಹಳೆಯ ಕಲ್ಲುಸೇತುವೆ ಕಾಣುವಲ್ಲಿ ಕೂತು ಚಿತ್ರಾನ್ನದ ಡಬ್ಬಿ ಖಾಲಿ ಮಾಡುವಾಗ ಒಬ್ಬರು “ಸಾಕು” ಎಂದರು. ಅದು ಮನೆಯಾಕೆಯಲ್ಲ, ಮಗ! ಅಮ್ಮನಿಗೆ ಇನ್ನೂ ಮುಂದೆ ಹೋಗುವ ಉಮೇದಿತ್ತು. ಆದರೂ ಮಾಡಿಕೊಂಡ ನಿಯಮದಂತೆ ನಾಲ್ವರೂ ತಿರುಗಿದೆವು. ಟಾರಿಂಗ್ಟನ್ ಬಾಕಿ ಉಳಿಯಿತು.

ಸೋಮವಾರ ಸೈಕಲ್ ಮರಳಿಸಿ ಬಸ್ಸಿನಲ್ಲಿ ಲಿಂಟನ್‌ಗೆ ಹೋದೆವು. ಅಲ್ಲಿನ ಕಡಿದಾದ ಬಂಡೆಯ ಮೇಲೆ 1890ರಿಂದ ನೀರಿನ ತೂಕದಲ್ಲೇ ಓಡುವ ರೈಲಿದೆ. ಮೇಲಿನ ಬಂಡಿಯ ತೊಟ್ಟಿಗೆ ನೀರು ತುಂಬಿದರೆ ಅದು ಭಾರವಾಗಿ ಇಳಿಯುತ್ತದೆ, ಹಗ್ಗದಿಂದ ಜೋಡಿಸಿದ ಇನ್ನೊಂದು ಬಂಡಿ ಮೇಲೇರುತ್ತದೆ. ಡೆಬಿಟ್, ಕ್ರೆಡಿಟ್ ಎಂದರೆ ಏನೆಂದು ಮಕ್ಕಳಿಗೆ ತಿಳಿಸಲು ಅದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ. ಕೆಳಗೆ ಲಿನ್‌ಮೌತ್‌ನಲ್ಲಿ ನಿಂತು ಕೌಂಟಿಸ್‌ಬರಿ ಏರನ್ನು ತಲೆಯೆತ್ತಿ ನೋಡಿದೆವು. ಮೊದಲ ಯೋಜನೆ ಕೈಬಿಟ್ಟದ್ದಕ್ಕೆ ಯಾರಿಗೂ ಬೇಸರವಾಗಲಿಲ್ಲ.

ಭಾನುವಾರ ಮರಳುವಾಗ ಇನ್‌ಸ್ಟೋದ ಮರಳ ದಂಡೆಯಿಂದ ಅಮ್ಮನಿಗೆ ವಿಡಿಯೊ ಕರೆ ಮಾಡಿದ್ದೆವು. ಸೊಸೆ ಹೆಲ್ಮೆಟ್ ಹಾಕಿಕೊಂಡು ಸೈಕಲ್ ಹಿಡಿದು ನಿಂತದ್ದನ್ನು ಅವರು ಕಣ್ಣು ಕಿರಿದು ಮಾಡಿ ನೋಡಿದರು. “ನೀನೂ ಹೊಡೆದೆಯಾ? ಎಷ್ಟು ದೂರ?” ಎಂದು ಎರಡೆರಡು ಸಲ ಕೇಳಿದರು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ.

“ನಿನ್ನ ಮಾವನವರ ಸೈಕಲ್ ಕೊಟ್ಟಿಗೆಯಲ್ಲೇ ಇದೆ” ಎಂದರು ಕೊನೆಗೆ. “ನನಗಂತೂ ಕಲಿಯಲು ಆಗಲಿಲ್ಲ. ಆಗಸ್ಟಿಗೆ ನೀವು ಬರುವಷ್ಟರಲ್ಲಿ ಹೊಸ ಟ್ಯೂಬ್ ಹಾಕಿಸಿ ಇಡುತ್ತೇನೆ. ಮಳೆ ಬಿಟ್ಟ ದಿನ ನೀನು ಹೊಡಿ, ನಾನು ಜಗಲಿಯಲ್ಲಿ ಕೂತು ನೋಡುತ್ತೇನೆ.”