ವಪೆಯ ಹಳೆಯ ಗಾಯ ಮತ್ತು ತಡವಾಗಿ ತಲೆದೋರುವ ಉದರಬಾಧೆ

ಪೆಟ್ಟು ಬಿದ್ದ ಗಾಯ ಮಾಗಿ ವರ್ಷಗಳೇ ಕಳೆದ ಮೇಲೆ ಹೊಟ್ಟೆಯಲ್ಲಿ ಕಾಣಿಸಿಕೊಳ್ಳುವ ನೋವಿಗೂ ಆ ಪೆಟ್ಟಿಗೂ ಸಂಬಂಧ ಕಲ್ಪಿಸುವುದು ರೋಗಿಗಾಗಲಿ ವೈದ್ಯನಿಗಾಗಲಿ ಸುಲಭವಲ್ಲ. ಇಂಥ ಬಾಧೆಗೆ ಕಾರಣಗಳು ಹಲವು. ಅವುಗಳಲ್ಲಿ ವಿರಳವಾದರೂ ಪ್ರಾಣಾಂತಕವಾಗಬಲ್ಲದ್ದು, ಎದೆಗೂಡನ್ನೂ ಉದರವನ್ನೂ ಬೇರ್ಪಡಿಸುವ ವಪೆಯಲ್ಲಿ ಗಮನಕ್ಕೆ ಬಾರದೆ ಉಳಿದುಹೋದ ಹರಕು.

ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರ್ವಾಜ್ ಪಾರೆ 1579ರಲ್ಲಿ ದಾಖಲಿಸಿದ ಪ್ರಕರಣ ಈ ವಿಷಯದಲ್ಲಿ ಪ್ರಸಿದ್ಧವಾದುದು. ಗುಂಡೇಟಿನಿಂದ ಬದುಕುಳಿದಿದ್ದ ಸೇನಾಧಿಕಾರಿಯೊಬ್ಬನು ಎಂಟು ತಿಂಗಳ ತರುವಾಯ ಉದರಶೂಲೆಯಿಂದ ಮೃತನಾದನು. ದೊಡ್ಡ ಕರುಳು ವಪೆಯ ರಂಧ್ರದೊಳಗೆ ನುಗ್ಗಿ ಬಿಗಿದುಕೊಂಡಿದ್ದುದು ಶವಪರೀಕ್ಷೆಯಲ್ಲಿ ಕಂಡುಬಂದಿತು. ರಂಧ್ರವಾದರೋ ಕಿರುಬೆರಳ ತುದಿ ಹಿಡಿಸುವಷ್ಟು ಮಾತ್ರ! ಕಿರಿದಾದ ರಂಧ್ರವೇ ಕರುಳಿನ ರಕ್ತಸಂಚಾರವನ್ನು ಬೇಗ ತಡೆಯುತ್ತದೆ.

ಉಸಿರು ಬಿಟ್ಟಾಗ ವಪೆಯ ಗುಮ್ಮಟವು ಮೊಲೆತೊಟ್ಟಿನ ಮಟ್ಟದವರೆಗೂ ಏರುವುದರಿಂದ, ಎದೆಗೆ ಬಿದ್ದ ಇರಿತವೂ ಅದನ್ನು ಸೀಳಬಲ್ಲದು. ಹೊರಗಿನ ಚರ್ಮ ಕೂಡಿಕೊಳ್ಳುತ್ತದೆ. ಪ್ರತಿ ಉಸಿರಿಗೂ ಚಲಿಸುವ ವಪೆ ಸಾಮಾನ್ಯವಾಗಿ ತಾನಾಗಿ ಕೂಡಿಕೊಳ್ಳದು. ಎದೆಗೂಡಿನ ಒತ್ತಡ ಉದರದ ಒತ್ತಡಕ್ಕಿಂತ ಕಡಿಮೆಯಾದ ಕಾರಣ ಜಠರ, ಕರುಳು, ಅವನ್ನು ಹೊದ್ದ ಕೊಬ್ಬಿನ ಪೊರೆ ಮೆಲ್ಲಮೆಲ್ಲನೆ ಮೇಲಕ್ಕೆ ಸೆಳೆಯಲ್ಪಡುತ್ತವೆ. ಬಲಭಾಗಕ್ಕೆ ಯಕೃತ್ತಿನ ಆಸರೆಯಿದೆ. ಆದ್ದರಿಂದ ಎಡಭಾಗದ ಪ್ರಕರಣಗಳೇ ಹೆಚ್ಚು.

ಗ್ರೈಮ್ಸ್ 1974ರಲ್ಲಿ ಈ ಗಾಯದ ಗತಿಯನ್ನು ಮೂರು ಹಂತಗಳಾಗಿ ವಿಂಗಡಿಸಿದನು: ಪೆಟ್ಟಿನ ಕಾಲ, ಸುಪ್ತಕಾಲ, ಕರುಳು ಸಿಕ್ಕಿಕೊಳ್ಳುವ ಕಾಲ. ವೈದ್ಯನನ್ನು ವಂಚಿಸುವುದು ಎರಡನೆಯದು. ಊಟವಾದೊಡನೆ ಪಕ್ಕೆಯಡಿ ನೋವು, ಉಬ್ಬರ, ಓಕರಿಕೆ, ಕೆಲವೊಮ್ಮೆ ಎಡಭುಜದ ನೋವು ಅಥವಾ ಮೇಲುಸಿರು ಬಂದುಹೋಗುತ್ತವೆ. ನಮ್ಮ ಜನರ ಬಾಯಲ್ಲಿ ಇವೆಲ್ಲವೂ 'ಗ್ಯಾಸ್ಟ್ರಿಕ್' ಎಂಬ ಒಂದೇ ಹೆಸರಿನಲ್ಲಿ ಅಡಗಿಬಿಡುವುದು ಅಪಾಯಕರ. ಹಳೆಯ ಇರಿತದ ಕಲೆಯನ್ನಾಗಲಿ ಎಂದೋ ಆದ ರಸ್ತೆ ಅಪಘಾತವನ್ನಾಗಲಿ ರೋಗಿ ಕೇಳದೆ ಹೇಳುವುದಿಲ್ಲ.

ಕ್ಷಕಿರಣದ ಶೋಧಕ್ಕೂ ಮೊದಲೇ, 1853ರಲ್ಲಿ, ಬಾಸ್ಟನ್ನಿನ ಬೌಡಿಚ್ ಜೀವಂತ ರೋಗಿಯಲ್ಲಿ ಈ ಸ್ಥಿತಿಯನ್ನು ಗುರುತಿಸಿದ್ದನು. ಎದೆಯಲ್ಲಿ ಕರುಳಿನ ಸಪ್ಪಳ ಕೇಳಿಬರುವುದು ಇಂದಿಗೂ ಉಪಯುಕ್ತ ಸೂಚನೆ. ಕ್ಷಕಿರಣಚಿತ್ರ ಮಾತ್ರ ಮೋಸಗೊಳಿಸಬಹುದು: ಎದೆಗೇರಿದ ಜಠರದ ಗಾಳಿಯನ್ನು ಶ್ವಾಸಕೋಶದ ಸುತ್ತಣ ಗಾಳಿಯೆಂದು ತಿಳಿದು ಕೊಳವೆ ಚುಚ್ಚಿದರೆ ಜಠರವೇ ತೂತಾದೀತು. ಸಂದೇಹವಿದ್ದಲ್ಲಿ ಸಿ.ಟಿ. ಸ್ಕ್ಯಾನ್ ಉಚಿತ.

ಔಷಧದಿಂದ ಹರಕು ಮುಚ್ಚದು. ಬಾಧೆ ಅಲ್ಪವಾಗಿದ್ದರೂ ಅಂಗಗಳನ್ನು ಕೆಳಗಿಳಿಸಿ ವಪೆಯನ್ನು ಹೊಲಿಯುವುದೇ ಚಿಕಿತ್ಸೆ. ಬಹುಕಾಲ ಕಳೆದಿದ್ದರೆ ಅವು ಶ್ವಾಸಕೋಶಕ್ಕೆ ಅಂಟಿಕೊಂಡಿರುವ ಸಂಭವವಿರುವುದರಿಂದ, ಅನೇಕ ಶಸ್ತ್ರವೈದ್ಯರು ಎದೆಯ ಮಾರ್ಗವನ್ನು ಆರಿಸಿಕೊಳ್ಳುತ್ತಾರೆ.