ರಣಹದ್ದಿನ ಫೋಟೋ ಮಂಕಾಗೋದ್ಯಾಕೆ?

ಕೆಂಗಲ್ ಆಂಜನೇಯನಿಗೆ ಕೈಮುಗಿದು, ರಾಮನಗರದ ಬಸ್ ಹಿಡಿದು ರಾಮದೇವರ ಬೆಟ್ಟಕ್ಕೆ ಹೊರಟ ಕ್ಯಾಮೆರಾ ಮಿತ್ರರೇ, ಒಂದ್ನಿಮಿಷ! ಹೆಗಲಲ್ಲಿರೋ 500 ಎಂಎಂ ಕನ್ನಡಿ ಲೆನ್ಸು ಗಿಡ್ಡ, ಹಗುರ, ಅಗ್ಗ, ಸರಿ. ಒಳಗಿನ ಕನ್ನಡಿಗಳು ಬೆಳಕನ್ನು ಮಡಚಿ ಕಳಿಸುತ್ತವೆ. ಆದರೆ ಕಿಂಡಿ ಸಾಮಾನ್ಯವಾಗಿ ಎಫ್ 8ಕ್ಕೇ ಖಾಯಂ. ಬೆಳಕು ಸಾಲದೆಂದು ಶಟರ್ ನಿಧಾನ ಮಾಡಿದಿರೋ, ಕೈ ಅಲುಗಿ ರಣಹದ್ದು ಮಸಿಮುದ್ದೆ! 1/1000 ಸೆಕೆಂಡಿಗಿಡಿ, ಐಎಸ್ಓ ಏರಿಸಿ. ಚಿತ್ರ ಕಾಳುಕಾಳಾದರೂ ಚಿಂತೆಯಿಲ್ಲ. ಫೋಕಸ್ ಕೂದಲೆಳೆಯಷ್ಟು ತಪ್ಪಿದರೂ ಕೆಟ್ಟಿತು. ಹಿಂದಿನ ಎಲೆಗಳ ಹೊಳಪು ಉದ್ದಿನವಡೆಯಂತೆ ಬೀಳೋದು ಮಾತ್ರ ಈ ಲೆನ್ಸಿನ ಜಾಯಮಾನ, ಬಿಟ್ಹಾಕಿ. ಮಧ್ಯಾಹ್ನ ಬಂಡೆ ಕಾದು ಗಾಳಿ ನಡುಗುತ್ತೆ, ಬೆಳಿಗ್ಗೆಯೇ ಹೋಗಿ.

ಇಷ್ಟಾದರೂ ಸ್ಪಷ್ಟವಿಲ್ಲವೆಂದು ಬಂಡೆಯತ್ತ ನುಗ್ಗಬೇಡಿ. 2012ರಲ್ಲಿ ರಣಹದ್ದು ಧಾಮವಾದ ಜಾಗವಿದು. ಉದ್ದಕೊಕ್ಕಿನ ರಣಹದ್ದು ಗೂಡಲ್ಲಿಡೋದು ಒಂದೇ ಮೊಟ್ಟೆ.